ಹರ್-2 ಸ್ತನ ಕ್ಯಾನ್ಸರ್: ಎಂಟಾನ್ಸಿನ್ ಅಥವಾ ಡೆರುಕ್ಸ್‌ಟೆಕಾನ್?

ಟ್ರಾಸ್ಟುಜುಮ್ಯಾಬ್ ಎಂಟಾನ್ಸಿನ್, ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್: ಎರಡೂ ಟ್ರಾಸ್ಟುಜುಮ್ಯಾಬ್ ಎಂಬ ಒಂದೇ ಪ್ರತಿಕಾಯದ (ಆ್ಯಂಟಿಬಾಡಿ) ಬೆನ್ನಿಗೆ ವಿಷ ಕಟ್ಟಿದ ಔಷಧಗಳು. ವ್ಯತ್ಯಾಸ ಕೋಶದ ಒಳಗಿದೆ. ಪ್ರತಿಕಾಯ ಅಂಟಿಕೊಳ್ಳುವುದು ಹರ್-2ಗೆ, ಅಂದರೆ ಕ್ಯಾನ್ಸರ್ ಕೋಶದ ಹೊರಪೊರೆಯ ಮೇಲಿರುವ ರಿಸೆಪ್ಟರ್ ಪ್ರೋಟೀನಿಗೆ. ಅದು ಕೋಶದ ಒಳಗೆ ಹೋಗುವುದೇ ನಿಧಾನ. ಹೋದದ್ದರಲ್ಲೂ ಬಹುಪಾಲು, ಬೆಳಿಗ್ಗೆ ಶಿವಮೊಗ್ಗಕ್ಕೆ ಹೋಗಿ ಸಂಜೆ ಊರಿಗೆ ಮರಳುವ ಬಸ್ಸಿನಂತೆ, ಎಂಡೋಸೋಮಿನಿಂದ (ಒಳಬಂದದ್ದನ್ನು ಹೊರುವ ಪುಟ್ಟ ಚೀಲ) ಹೊರಪೊರೆಗೇ ವಾಪಸ್. ಕೋಶದ ಜೀರ್ಣಚೀಲವಾದ ಲೈಸೋಸೋಮ್ ತಲುಪುವುದು ಸ್ವಲ್ಪ.

ಎಂಟಾನ್ಸಿನ್‌ಗೆ ಇದೇ ತೊಡಕು. ವಿಷವನ್ನು ಪ್ರತಿಕಾಯಕ್ಕೆ ಕಟ್ಟಿದ ಅದರ ಕೊಂಡಿ ತುಂಡಾಗುವುದಿಲ್ಲ. ಲೈಸೋಸೋಮಿನಲ್ಲಿ ಪ್ರತಿಕಾಯ ಜೀರ್ಣವಾದರಷ್ಟೇ ವಿಷ ಬಿಡುಗಡೆ. ಒಂದು ಪ್ರತಿಕಾಯಕ್ಕೆ ವಿಷದ ಸರಾಸರಿ 3.5 ಅಣು, ಅದೂ ಪಕ್ಕದ ಕೋಶಕ್ಕೆ ದಾಟದು. ಡೆರುಕ್ಸ್‌ಟೆಕಾನ್‌ನಲ್ಲಿ ಸುಮಾರು 8 ಅಣು. ಕೊಂಡಿಯನ್ನು ಕ್ಯಾಥೆಪ್ಸಿನ್ ಕಿಣ್ವ ಕತ್ತರಿಸುತ್ತದೆ, ವಿಷ ಪೊರೆ ದಾಟಿ ಹರ್-2 ಕಡಿಮೆಯಿರುವ ನೆರೆಕೋಶವನ್ನೂ ಕೊಲ್ಲುತ್ತದೆ. ಕಾಯಿಲೆ ಹರಡಿದ್ದು ಶ್ವಾಸಕೋಶ ಚೆನ್ನಾಗಿದ್ದರೆ ನಮ್ಮ ಒಲವು ಇದರ ಕಡೆಗೆ.

ಎರಡೂ 3 ವಾರಕ್ಕೊಮ್ಮೆ. 60 ಕಿಲೋ ತೂಕದವರಿಗೆ ಎಂಟಾನ್ಸಿನ್ 216 ಮಿ.ಗ್ರಾಂ (ಕಿಲೋಗೆ 3.6), ಡೆರುಕ್ಸ್‌ಟೆಕಾನ್ 324 (ಕಿಲೋಗೆ 5.4). ಬೆರೆಸಲು ಮೊದಲನೆಯದಕ್ಕೆ ಸಲೈನ್, ಎರಡನೆಯದಕ್ಕೆ 5% ಡೆಕ್ಸ್ಟ್ರೋಸ್ ಮಾತ್ರ. ಹೆಸರು ಅರ್ಧ ಒಂದೇ, ಅದಲುಬದಲಾದೀತು. ಬಾಟಲಿಯ ಚೀಟಿ ಓದಿಸಿಕೊಳ್ಳಿ. ಹೃದಯದ ಎಕೋ ಎರಡಕ್ಕೂ ಬೇಕು.

ಡೆರುಕ್ಸ್‌ಟೆಕಾನ್‌ನಲ್ಲಿ ವಾಕರಿಕೆ ಹೆಚ್ಚು. ಭಯ ಇರುವುದು ಶ್ವಾಸಕೋಶದ ಉರಿಯೂತದ್ದು. ಒಣಕೆಮ್ಮು, ಏದುಸಿರು ಬಂದರೆ ಮಳೆಗಾಲದ ಕೆಮ್ಮೆಂದು ಕಷಾಯ ಕುಡಿದು ಕೂರಬೇಡಿ. ಸಿಟಿ ಸ್ಕ್ಯಾನ್ ನೋಡದೆ ಮುಂದಿನ ಡೋಸ್ ಬೇಡ.

ಎಂಟಾನ್ಸಿನ್ ಪ್ಲೇಟ್‌ಲೆಟ್ ಇಳಿಸುತ್ತದೆ, ಯಕೃತ್ತಿಗೂ ಪೆಟ್ಟು. ಉಣ್ಣೆ ಹುಳದಿಂದ ಹರಡುವ ಮಂಗನ ಕಾಯಿಲೆಯೂ ಪ್ಲೇಟ್‌ಲೆಟ್ ಇಳಿಸುವುದರಿಂದ, ತೀರ್ಥಹಳ್ಳಿ, ಸಾಗರದ ಕಡೆ ದರಕು (ಒಣ ಎಲೆ) ತರಲು ಕಾಡಿಗೆ ಹೋಗುವವರು ಜ್ವರ ಬಂದಾಗ ಉಣ್ಣೆ ಕಚ್ಚಿದ್ದನ್ನೂ ವೈದ್ಯರಿಗೆ ಹೇಳಿ.