ಊರಿನ ಹೆಸರು ಹಿಡಿದು ಮೂರು ಸುದ್ದಿಸಂಸ್ಥೆಗಳನ್ನು ಅಳೆದಾಗ

ಮೂರು ವಾರ, ಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಬೆಳಗಿನ ಮೆಟ್ರೊದಲ್ಲಿ ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿ, ಚೀನಾದ ಸರ್ಕಾರಿ ವಾಹಿನಿ ಸಿಜಿಟಿಎನ್ ಮತ್ತು ಬ್ರಿಟನ್ನಿನ ಬಿಬಿಸಿಯ ಜಾಲತಾಣಗಳನ್ನು ಓದಿದೆ. ನೆರೆನಾಡುಗಳನ್ನು, ಹಿಂದೆ ತಮ್ಮ ಆಳ್ವಿಕೆಯಲ್ಲಿದ್ದ ನಾಡುಗಳನ್ನು ಇವು ಹೇಗೆ ಚಿತ್ರಿಸುತ್ತವೆ ಎಂದು ನೋಡಬೇಕಿತ್ತು. ಮೊದಲ ಅಳತೆಗೋಲು ಊರಿನ ಹೆಸರು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಬ್ಯಾಂಗಲೋರ್ ಹೋಗಿ ಬೆಂಗಳೂರು ಬಂದದ್ದನ್ನು ಕಂಡವರಿಗೆ ಹೆಸರಿನ ಬೆಲೆ ಗೊತ್ತು.

ಉಕ್ರೇನಿನ ರಾಜಧಾನಿ ಆರ್‌ಟಿಯಲ್ಲಿ ಇನ್ನೂ ರಷ್ಯನ್ ರೂಪದ 'ಕಿಯೆವ್'. ಬಿಬಿಸಿ 2019ರಲ್ಲಿಯೇ ಉಕ್ರೇನಿಯನ್ನರ 'ಕೀವ್' ಬಳಸಲು ಶುರುಮಾಡಿತು. ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಪುಟಿನ್ 2021ರ ಜುಲೈನಲ್ಲಿ ಪ್ರಬಂಧ ಬರೆದರಲ್ಲ, ಅದನ್ನು ಓದಿಕೊಂಡರೆ ಆರ್‌ಟಿಯ ಧಾಟಿ ತಾನಾಗಿ ಅರ್ಥವಾಗುತ್ತದೆ. ಮನೆ ಬಿಟ್ಟು ಬೇರೆಯಾದ ತಮ್ಮನನ್ನು ಅಣ್ಣ ಊರ ಮುಂದೆ ಬೈಯುವ ಧಾಟಿ ಅದು. ತಮ್ಮನಿಗೆ ಸ್ವಂತ ಬುದ್ಧಿಯಿಲ್ಲ, ಪಶ್ಚಿಮದವರು ಕೆಡಿಸಿದರು! ನಾನು ಓದಿದ ವರದಿಗಳಲ್ಲಿ ಸಾಮಾನ್ಯ ಉಕ್ರೇನಿಯನ್ನರು ತಮ್ಮ ಬಗ್ಗೆ ತಾವೇ ಮಾತಾಡಿದ್ದು ಕಾಣಲಿಲ್ಲ. ನನ್ನನ್ನು ಬಹಳ ನೋಯಿಸಿದ್ದು ಇದೇ.

ಸಿಜಿಟಿಎನ್ ಬೈಯುವುದಿಲ್ಲ. ರೈಲು ಮಾರ್ಗ, ಹಬ್ಬ, ಹಸಿರು ಕಣಿವೆ ತೋರಿಸುತ್ತದೆ. ಆದರೆ ಟಿಬೆಟ್ ಎಂಬ ಹೆಸರು ಮರೆಗೆ ಸರಿದು 'ಶಿಜಾಂಗ್' ಬಂದು ಕೂತಿದೆ. ಚೀನಾ ಸರ್ಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಇಂಗ್ಲಿಷ್ ಶ್ವೇತಪತ್ರದ ಶೀರ್ಷಿಕೆಯಲ್ಲೂ ಇದೇ ಹೆಸರಿತ್ತು. ನಮ್ಮ ಅರುಣಾಚಲ ಅವರಿಗೆ 'ಜಾಂಗ್‌ನಾನ್', ಎಂದರೆ ದಕ್ಷಿಣ ಟಿಬೆಟ್. ಆ ಸುಂದರ ಕಣಿವೆಗಳ ಕಥೆಯಲ್ಲಿ ಟಿಬೆಟಿನ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಯಂಥ ಊರುಗಳಿಗೆ, ಮನೆಮಠ ಬಿಟ್ಟು ಬಂದವರಿಗೆ, ಜಾಗವೇ ಇಲ್ಲ.

ಬಿಬಿಸಿ ಸರ್ಕಾರದ ಮುಖವಾಣಿಯಲ್ಲ, ಆದ್ದರಿಂದ ಈ ಸಾಲಿನಲ್ಲಿ ಅದನ್ನು ಕೂರಿಸುವುದು ಪೂರ್ತಿ ಸರಿಯಲ್ಲ. ಆದರೂ ಅದರ ವಿಶ್ವ ಸೇವೆ 1932ರಲ್ಲಿ ಹುಟ್ಟಿದ್ದು 'ಎಂಪೈರ್ ಸರ್ವಿಸ್' ಎಂಬ ಹೆಸರಿನಲ್ಲಿ. ಆ ನೆರಳು ಇನ್ನೂ ಪೂರ್ತಿ ಸರಿದಿಲ್ಲ. 1943ರ ಬಂಗಾಳದ ಕ್ಷಾಮವನ್ನು ಅದರಿಂದ ಬದುಕುಳಿದವರ ಬಾಯಲ್ಲೇ ಹೇಳಿಸಿದ ಸರಣಿಯನ್ನು ಅದು ಪ್ರಸಾರ ಮಾಡಿತು. ಒಬ್ಬೊಬ್ಬರ ದನಿಯನ್ನೂ ನಿಲ್ಲಿಸಿ ನಿಲ್ಲಿಸಿ ಕೇಳಿದೆ. ಆದರೆ ಪ್ರಸಾರವಾದದ್ದು 2024ರಲ್ಲಿ. ಹೇಳಬೇಕಾದವರಲ್ಲಿ ಬಹುಪಾಲು ಜನ ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ಈಗ ಬೆಳಿಗ್ಗೆ ಮೊದಲು ತೆರೆಯುವುದು ಬಿಬಿಸಿ. ಮಾಸ್ಕೋ ಏನನ್ನು ನಂಬಿಸಬಯಸುತ್ತಿದೆ ಎಂದು ತಿಳಿಯಲು ವಾರಕ್ಕೊಮ್ಮೆ ಆರ್‌ಟಿ ನೋಡುತ್ತೇನೆ, ಉಕ್ರೇನಿನ ಸುದ್ದಿಗಾಗಿ ಅಲ್ಲ. ಸಿಜಿಟಿಎನ್ ಬಿಟ್ಟಿದ್ದೇನೆ.