ಟೆಲೊಮೆರೇಸ್ ಪ್ರಾಜೆಕ್ಟ್‌ಗೆ ಯಾವ ಯೀಸ್ಟ್? ಬ್ರೆಡ್ಡಿನದೋ, ಪೊಂಬೆಯೋ?

ಧಾರವಾಡದಲ್ಲಿ ಎಂಎಸ್ಸಿ ಓದುವ ತಂಗಿ ಕೇಳಿದಳು, "ಅಕ್ಕಾ, ಟೆಲೊಮೆರೇಸ್ ನೋಡಾಕ ಯಾವ ಯೀಸ್ಟ್ ತಗೊಳ್ಲಿ?" ಟೆಲೊಮೆರೇಸ್ ಅಂದ್ರೆ ಕ್ರೋಮೊಸೋಮಿನ ತುದಿಯನ್ನು, ಅಂದರೆ ಟೆಲೊಮಿಯರನ್ನು, ಉದ್ದ ಮಾಡುವ ಎಂಜೈಮ್. ಪೊಂಬೆ ಅನ್ನುವ ಇನ್ನೊಂದು ಜಾತಿಯ ಯೀಸ್ಟೂ ಇದೆ, ಆದರೂ ಸುಮ್ನೆ ಬ್ರೆಡ್ ಯೀಸ್ಟ್ ತಗೋ ಅಂದೆ.

ಅದರಲ್ಲಿ ಲೆಕ್ಕ ಸರಳ. ಡಿಎನ್‌ಎ ಹೆಣೆಯೋದು ಎಸ್ಟ್2 ಅನ್ನುವ ಪ್ರೋಟೀನು. ಅದಕ್ಕೆ ಅಚ್ಚು ಟಿಎಲ್‌ಸಿ1 ಅನ್ನುವ ಆರ್‌ಎನ್‌ಎ, ಸುಮಾರು 1,150 ಅಕ್ಷರ ಉದ್ದ. ಜೊತೆಗೆ ಎಸ್ಟ್1, ಎಸ್ಟ್3 ಅನ್ನುವ ಸಹಾಯಕ ಪ್ರೋಟೀನುಗಳು. ಮಜಾ ಏನಂದ್ರೆ, ಈ ಕೊನೆಯ ಎರಡೂ ಇಲ್ಲದಿದ್ದರೂ ಟ್ಯೂಬಿನಲ್ಲಿ ಎಂಜೈಮ್ ಕೆಲಸ ಮಾಡುತ್ತದೆ, ಆದರೆ ಜೀವಂತ ಕೋಶದಲ್ಲಿ ಒಂದನ್ನು ಕಿತ್ತರೂ ಸಾಕು, ಟೆಲೊಮಿಯರ್ ದಿನದಿನಕ್ಕೆ ಸವೆದು, ಪ್ಲೇಟ್ ಮೇಲಿನ ಕಾಲೊನಿಗಳು ಸೊರಗುವುದು ಕಣ್ಣಿಗೇ ಕಾಣುತ್ತದೆ. ಎಸ್ಟ್1 ಸಿಕ್ಕಿದ್ದೂ ಹೀಗೇ, 1989ರಲ್ಲಿ. ಎಸ್ಟ್1 ಎಂಜೈಮನ್ನು ಕ್ರೋಮೊಸೋಮಿನ ತುದಿಗೆ ಕರೆತರುತ್ತದೆ, ಅಲ್ಲಿ ಅದರ ಕೈ ಹಿಡಿಯೋದು ತುದಿಗೆ ಅಂಟಿಕೊಂಡಿರುವ ಸಿಡಿಸಿ13 ಪ್ರೋಟೀನು.

ಪೊಂಬೆಯಲ್ಲಿ ಡಿಎನ್‌ಎ ಹೆಣೆಯೋದು ಟಿಆರ್‌ಟಿ1, ಅಚ್ಚು ಟಿಇಆರ್1 ಆರ್‌ಎನ್‌ಎ, ಸಹಾಯಕ್ಕೆ ಎಸ್ಟ್1, ಪೊಫ್8, ಎಲ್‌ಎಸ್‌ಎಂ ಪ್ರೋಟೀನುಗಳ ಉಂಗುರ. ಈ ಆರ್‌ಎನ್‌ಎ ಗೊತ್ತಾಗಿದ್ದೇ 2008ರಲ್ಲಿ. ತುದಿ ಕಾಯುವ ಪ್ರೋಟೀನುಗಳು ಮಾತ್ರ ಮನುಷ್ಯರವನ್ನೇ ಹೋಲುತ್ತವೆ, ಕ್ಯಾನ್ಸರ್ ಕಡೆ ಆಸಕ್ತಿ ಇದ್ದರೆ ಇದೇ ಒಳ್ಳೆಯದು, ಅಲ್ವಾ? ಇನ್ನೊಂದು, ಇದಕ್ಕೆ ಮೂರೇ ಕ್ರೋಮೊಸೋಮು, ಟೆಲೊಮೆರೇಸ್ ಹೋದರೆ ಕೆಲವು ಕೋಶ ಅವನ್ನು ಬಳೆಯಂತೆ ಸುತ್ತಿಕೊಂಡು ಬದುಕುತ್ತವೆ!

ಆರೇ ತಿಂಗಳ ಪ್ರಾಜೆಕ್ಟ್‌ಗೆ ನನ್ನ ಮತ ಬ್ರೆಡ್ ಯೀಸ್ಟ್‌ಗೇ. ಪಿಎಚ್‌ಡಿಗಾದರೆ ಪೊಂಬೆ.