20 ವರ್ಷ ಬಳಸಿದ ಮೇಲೆ: ಕಾಪಿ ಪ್ರೊಟೆಕ್ಷನ್ ಇರುವ ಮ್ಯೂಸಿಕ್ ಸಿಡಿ

2004ರಲ್ಲಿ ಕೊಂಡ ಸಿಡಿ ಇದು, ಕಂಪ್ಯೂಟರಿನಲ್ಲಿ ಹಾಡು ನಕಲು ಮಾಡಿಕೊಳ್ಳಲು ಆಗದ ಹಾಗೆ ತಡೆ ಹಾಕಿದ್ದು. ಹಾಡುಗಳು ಇವತ್ತಿಗೂ ನನಗೆ ಪ್ರಾಣ. ನನ್ನ ದೂರೆಲ್ಲ ಡಿಸ್ಕಿನ ಮೇಲೆ.

ಮನೆಯ ಹಳೇ ಸ್ಟೀರಿಯೋದಲ್ಲಿ ಮೊದಲ ದಿನವೇ ಚೆನ್ನಾಗಿ ಹಾಡಿತು. ಕಾರಿನಲ್ಲಿ ಹಾಕಿದರೆ ಗಿರ್ರನೆ ತಿರುಗಿ, ನಿಂತು, ಮತ್ತೆ ತಿರುಗಿ, ಕೊನೆಗೆ ಒಳಗೆ ಡಿಸ್ಕೇ ಇಲ್ಲ ಅಂತ ತೋರಿಸಿ ಹೊರಗೆ ತಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಅದರದೇ ಒಂದು ಪ್ಲೇಯರ್ ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಕೇಳಿಸುತ್ತಿದ್ದದ್ದು ಕಡಿಮೆ ಗುಣಮಟ್ಟದ ಬೇರೆ ಫೈಲು, ಸಿಡಿಯ ಅಸಲಿ ಧ್ವನಿ ಅಲ್ಲವೇ ಅಲ್ಲ.

ಡಿಸ್ಕನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನ ಹತ್ತಿರ ತೆಳ್ಳಗೆ ಒಂದು ಉಂಗುರ ಕಾಣುತ್ತದೆ. ಒಳಗಡೆ ಹಾಡು, ಹೊರಗಡೆ ಕಂಪ್ಯೂಟರಿಗಾಗಿ ಇಟ್ಟ ಡೇಟಾ. ಸ್ಟೀರಿಯೋ ಮೊದಲ ಭಾಗ ಓದಿ ಸುಮ್ಮನಾಗುತ್ತದೆ, ಕಂಪ್ಯೂಟರ್ ಎರಡನೆಯದನ್ನೂ ಹುಡುಕಿಕೊಂಡು ಹೋಗಿ ದಾರಿ ತಪ್ಪುತ್ತದೆ. ಕೆಲವು ಕಾರ್ ಪ್ಲೇಯರ್‌ಗಳ ಒಳಗಿರುವುದೂ ಕಂಪ್ಯೂಟರ್ ಡ್ರೈವೇ. 2002ರಲ್ಲೇ ಜನ ಇಂಥ ಕೆಲವು ಡಿಸ್ಕುಗಳ ಅಂಚಿಗೆ ಮಾರ್ಕರ್ ಪೆನ್ನು ಬಳಿದು, ಹೊರಗಡೆಯ ಡೇಟಾ ಕಂಪ್ಯೂಟರಿಗೆ ಕಾಣದ ಹಾಗೆ ಮಾಡಿ, ಕಾಪಿ ಮಾಡಿದ್ದರು. ಕಾಪಿ ಮಾಡುವವರಿಗೆ ದಾರಿ ಸಿಕ್ಕಿತು, ಸಿಕ್ಕಿಬಿದ್ದದ್ದು ದುಡ್ಡು ಕೊಟ್ಟು ಕೊಂಡವರು.

2005ರಲ್ಲಂತೂ ಸೋನಿ ಬಿಎಂಜಿ ಅನ್ನುವ ಮ್ಯೂಸಿಕ್ ಕಂಪನಿಯ ಸಿಡಿಗಳಲ್ಲಿ ಕಾಪಿ ತಡೆಯಲೆಂದು ಇಟ್ಟಿದ್ದ ಎಕ್ಸ್‌ಸಿಪಿ ಅನ್ನುವ ಸಾಫ್ಟ್‌ವೇರ್ ವಿಂಡೋಸ್ ಒಳಗೆ ಬಚ್ಚಿಟ್ಟುಕೊಂಡು ಕೂರುತ್ತದೆ ಅಂತ ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಬಯಲು ಮಾಡಿದರು. ಅದು ತನ್ನನ್ನು ಮರೆಮಾಡುತ್ತಿದ್ದ ರೀತಿಯನ್ನೇ ವೈರಸ್ ಬರೆಯುವವರೂ ಬಳಸಿಕೊಂಡರು. ಕಂಪನಿ ಆ ಸಿಡಿಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಹಾಡು ಕೇಳೋಕೆ ಸಿಡಿ ಹಾಕಿದವರ ತಪ್ಪೇನಿತ್ತು ಇದರಲ್ಲಿ?

ಆದರೆ ನನಗೆ ಜಾಸ್ತಿ ಬೇಸರ ತಂದದ್ದು ವರ್ಷ ಕಳೆದ ಮೇಲೆ ಗೊತ್ತಾದ ವಿಷಯ. ಸಣ್ಣಪುಟ್ಟ ಗೀರು ಬಿದ್ದರೂ ಹಾಡು ಕೆಡದ ಹಾಗೆ ಸರಿಪಡಿಸಿಕೊಳ್ಳುವ ಏರ್ಪಾಡು ಪ್ರತಿ ಸಿಡಿಯಲ್ಲೂ ಇರುತ್ತದೆ. ನನ್ನದರಂಥ ಡಿಸ್ಕಿನಲ್ಲಿ ಕಂಪ್ಯೂಟರನ್ನು ತಡೆಯಲೆಂದು ಬೇಕಂತಲೇ ತಪ್ಪುಗಳನ್ನು ತುಂಬಿರುತ್ತಾರೆ. ಆ ಏರ್ಪಾಡಿನ ಶಕ್ತಿ ಅವನ್ನು ತಿದ್ದುವುದಕ್ಕೇ ಹೋಗುತ್ತದೆ, ನಿಜವಾದ ಗೀರು ಬಿದ್ದಾಗ ಉಳಿದಿರುವುದು ಸ್ವಲ್ಪವೇ. ಕೂದಲೆಳೆಯಷ್ಟು ಒಂದು ಗೀರಿದೆ ನನ್ನದರಲ್ಲಿ. ನಾಲ್ಕನೇ ಹಾಡಿನ ಮಧ್ಯೆ ಟಿಕ್ ಟಿಕ್ ಅಂದು ಎರಡು ಸಾಲು ಹಾರಿಬಿಡುತ್ತದೆ. ಇದಕ್ಕಿಂತ ಹತ್ತು ವರ್ಷ ಹಳೆಯ, ಮೈತುಂಬಾ ಗೀರಿರುವ ಮಾಮೂಲಿ ಸಿಡಿ ಅದೇ ಸ್ಟೀರಿಯೋದಲ್ಲಿ ಒಂದು ಕಡೆಯೂ ತಡವರಿಸಲ್ಲ.

ಕೊನೆಗೆ ಸ್ಟೀರಿಯೋದಿಂದ ಕಂಪ್ಯೂಟರಿಗೆ ವೈರ್ ಎಳೆದು, ಪೂರ್ತಿ ಆಲ್ಬಮ್ ಹಾಡುವ ತನಕ ಪಕ್ಕದಲ್ಲೇ ಕೂತು ರೆಕಾರ್ಡ್ ಮಾಡಿಕೊಂಡೆ. ಈಗ ಕೇಳುವುದು ಅದನ್ನೇ. ಆ ಎರಡು ಸಾಲು ಮಾತ್ರ ಅದರಲ್ಲೂ ಇಲ್ಲ.